ಲೋಹದ ನಂಜು, ಅಡುಗೆಮನೆಯ ಪಥ್ಯ

ಪಥ್ಯವೆಂಬ ಮಾತು ಪಥ ಶಬ್ದದಿಂದ ಹುಟ್ಟಿದುದು. ಪಥವೆಂದರೆ ದಾರಿ, ದಾರಿಗೆ ಹಿತವಾದುದು, ದಾರಿಯನ್ನು ಬಿಟ್ಟು ಹೋಗದಿರುವುದು ಪಥ್ಯ. ಲೋಕರೂಢಿಯಲ್ಲಿ ಈ ಅರ್ಥ ಸವೆದು, ಪಥ್ಯವೆಂದರೆ ಉಪ್ಪು, ಹುಳಿ, ಖಾರಗಳನ್ನು ಬಿಟ್ಟು ಬಾಯಿ ಕಟ್ಟಿಕೊಂಡಿರುವುದು ಎಂದಷ್ಟೇ ಉಳಿದಿದೆ. ಯಾವ ದಾರಿ, ಎಲ್ಲಿಗೆ ಹೋಗುವ ದಾರಿ ಎಂಬುದನ್ನು ಅರಿಯದೆ ಬರಿದೆ ಬಿಡುತ್ತ ಹೋದರೆ ಅದು ಉಪವಾಸವಾದೀತಲ್ಲದೆ ಪಥ್ಯವಾಗಲಾರದು. ಈ ಭೇದವನ್ನು ಪುಸ್ತಕದಿಂದಲ್ಲದೆ ತನ್ನ ಎರಡು ಅಂಗೈಗಳಿಂದ ಕಲಿತ ಒಬ್ಬ ಶಿಕ್ಷಕಿಯ ವೃತ್ತಾಂತ ಶಾಲೆಗಳಲ್ಲಿ ದುಡಿಯುವವರಿಗೂ ಶಾಲೆಗಳನ್ನು ಪೋಷಿಸುವವರಿಗೂ ಉಪಯುಕ್ತವಾದುದು.

ಆಕೆ ಧಾರವಾಡ ಸೀಮೆಯ ಒಂದು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವವರು. ನಾಲ್ವತ್ತೆರಡರ ವಯಸ್ಸು. ಪತಿಗೆ ಮಳೆಯನ್ನೇ ನಂಬಿದ ಎರಿ ಹೊಲ. ಆದಕಾರಣ ಮನೆಯ ಭಾರ ಬಹುಮಟ್ಟಿಗೆ ಆಕೆಯ ಸಂಬಳದ ಮೇಲೆಯೇ ನಿಂತಿತ್ತು. 2017ರ ಮಳೆಗಾಲದಲ್ಲಿ ಆಕೆಯ ಬೆರಳುಗಳ ಪಕ್ಕದಲ್ಲಿ ಸಾಬೂದಾಣಿಯಂತಹ ಸಣ್ಣ ನೀರುಗುಳ್ಳೆಗಳು ಎದ್ದವು. ರಾತ್ರಿಯೆಲ್ಲ ಅಸಾಧ್ಯವಾದ ತುರಿಕೆ. ಕೆಲವು ದಿನಗಳಲ್ಲಿ ಗುಳ್ಳೆಗಳು ಒಣಗಿ ಚರ್ಮ ಸುಲಿದು ಅಂಗೈ ಬಿರಿಯಿತು. ವಾಸಿಯಾಯಿತೆನ್ನುವಷ್ಟರಲ್ಲಿ ಮತ್ತೆ ಗುಳ್ಳೆ. ಮಣಿಕಟ್ಟಿನಲ್ಲಿ, ಕಿವಿಯ ಹಾಲೆಯಲ್ಲಿ, ಕೊರಳ ಹಿಂಬದಿಯಲ್ಲಿಯೂ ಕೆಂಪು ಕಲೆಗಳು ಮೂಡಿದವು.

ಮನೆಯ ಹಿರಿಯರು ತಮಗೆ ತಿಳಿದ ಮಟ್ಟಿಗೆ ಹೇಳಿದರು. ‘ನಂಜಾಗೇತವ್ವಾ, ಬದನಿಕಾಯಿ ಬಿಡು’ ಎಂದರು ಅತ್ತೆ. ಆಕೆ ಬದನೆಕಾಯಿ ಬಿಟ್ಟರು, ಗುಣ ಕಾಣಲಿಲ್ಲ. ಸಾಬೂನು ಬದಲಿಸಿದರು; ಗುಣ ಕಾಣಲಿಲ್ಲ. ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಿಂದ ಎಂಟು ದಿನ ಶಾಂತವಾಗಿ ಒಂಬತ್ತನೆಯ ದಿನ ಇಮ್ಮಡಿಯಾಗಿ ಮರಳಿತು. ಇಷ್ಟರಲ್ಲಿ ಊರಿನ ಬಾಯಿ ತೆರೆದಿತ್ತು. ಆ ಅಕ್ಕಾರ ಮುಟ್ಟಿದ ಬಟ್ಟೆಯನ್ನು ಮಕ್ಕಳು ಮುಟ್ಟಬಹುದೇ ಎಂದು ಇಬ್ಬರು ತಾಯಂದಿರು ಶಾಲೆಯ ಬಾಗಿಲಿಗೆ ಬಂದು ಕೇಳಿದರು. ಜಾತ್ರೆಯ ದಾಸೋಹದಲ್ಲಿ ವರ್ಷವರ್ಷವೂ ಬಡಿಸುವ ಸಾಲಿನಲ್ಲಿ ನಿಲ್ಲುತ್ತಿದ್ದ ಆಕೆ ಆ ವರ್ಷ ತಾವಾಗಿಯೇ ಹಿಂದೆ ಸರಿದು ತರಕಾರಿಯ ಬುಟ್ಟಿಗಳನ್ನು ಎಣಿಸುವ ಕೆಲಸಕ್ಕೆ ಕುಳಿತರು. ಯಾರೂ ಬೇಡವೆನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಕೆಲಸ ಬಿಡುವ ಅರ್ಜಿಯೊಂದನ್ನು ಬರೆದು ಪೆಟ್ಟಿಗೆಯಲ್ಲಿಟ್ಟಿದ್ದರು.

ಊರಿನ ಮಾತಿನಲ್ಲಿ ಅಡಗಿದ್ದ ಭಯಕ್ಕೆ ಒಂದು ಶಬ್ದದ ಇತಿಹಾಸವೂ ಕಾರಣವಾಗಿದೆ. ಆಯುರ್ವೇದದಲ್ಲಿ ಕುಷ್ಠವೆಂಬುದು ಚರ್ಮರೋಗಗಳಿಗೆಲ್ಲ ಸಲ್ಲುವ ಸಾಮಾನ್ಯನಾಮ. ಚರಕಸಂಹಿತೆ ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಎಣಿಸುತ್ತದೆ. ಅಂಗೈ ಅಂಗಾಲುಗಳು ಬಿರಿಯುವ ವಿಪಾದಿಕೆ, ತುರಿಸಿ ಒಸರುವ ವಿಚರ್ಚಿಕೆ ಇವೆರಡೂ ಈ ಹನ್ನೊಂದರಲ್ಲಿ ಸೇರಿವೆ. ಕನ್ನಡದಲ್ಲಿ ಇಸಬು ಎಂದು ಕರೆಯುವ ವ್ಯಾಧಿ ಇವುಗಳಿಗೆ ಸಮೀಪದ್ದು. ಕಾಲಕ್ರಮದಲ್ಲಿ ಕುಷ್ಠ ಶಬ್ದ ಒಂದೇ ಒಂದು ರೋಗಕ್ಕೆ ಅಂಟಿಕೊಂಡಿತು. ಅದರ ಹೆಸರಿಗೆ ಸಮಾಜ ಹೆದರಿತು. ಆ ಹೆದರಿಕೆ ಚರ್ಮದ ಮೇಲಿನ ಪ್ರತಿಯೊಂದು ಕಲೆಗೂ ಹರಡಿತು. ಆ ಒಂದು ರೋಗವೂ ಇಂದು ಔಷಧದಿಂದ ಸಂಪೂರ್ಣ ಗುಣವಾಗುವಂತಹುದು. ಶಬ್ದ ಕೆಟ್ಟರೆ ಮನುಷ್ಯನ ಬಾಳು ಕೆಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

2018ರ ಆರಂಭದಲ್ಲಿ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು, ಆಕೆ ದೊಡ್ಡ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದರು. ವೈದ್ಯರು ಕೈಗಳನ್ನು ತಮ್ಮ ಬರಿಗೈಯಿಂದಲೇ ಹಿಡಿದು ನೋಡಿ, ‘ಅಕ್ಕಾರ, ಇದು ಅಂಟುಜಾಡ್ಯ ಅಲ್ರೀ. ನಿಮ್ಮ ಕೈಯಿಂದ ಯಾರಿಗೂ ಹತ್ತೂದಿಲ್ಲ’ ಎಂದರು. ಆಕೆಗೆ ಔಷಧಕ್ಕಿಂತ ಮೊದಲು ಹತ್ತಿದ್ದು ಆ ಮಾತು.

ಬಳಿಕ ನಡೆದುದು ಪಟ್ಟಿಯ ಪರೀಕ್ಷೆ. 1895ರಲ್ಲಿ ಜರ್ಮನಿಯ ಯೋಸೆಫ್ ಯಾಡಾಸ್ಸೋನ್ ಎಂಬ ಚರ್ಮವೈದ್ಯರು ಪ್ರಕಟಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಸಂಶಯಕ್ಕೆ ಆಸ್ಪದವಾದ ವಸ್ತುಗಳನ್ನು ಅಲ್ಪ ಪ್ರಮಾಣದಲ್ಲಿ ಬೆನ್ನಿಗೆ ಹಚ್ಚಿ, ಮೇಲೆ ಪಟ್ಟಿ ಅಂಟಿಸಿ, ಎರಡು ದಿನ ಹಾಗೆಯೇ ಬಿಡುತ್ತಾರೆ. ಪಟ್ಟಿ ತೆಗೆದ ಮೇಲೊಮ್ಮೆ, ಮತ್ತೆರಡು ದಿನ ಕಳೆದು ಇನ್ನೊಮ್ಮೆ ನೋಡುತ್ತಾರೆ. ಆಕೆಯ ಬೆನ್ನಿನ ಮೇಲೆ ಒಂದು ಕಡೆ ಮಾತ್ರ ಚರ್ಮ ಕೆಂಪಾಗಿ ಉಬ್ಬಿ ಗುಳ್ಳೆಯೆದ್ದಿತ್ತು. ಅದು ನಿಕಲ್ ಲವಣ ಹಚ್ಚಿದ ಜಾಗ.

ನಿಕಲ್ ಲೋಹಕ್ಕೆ ಆ ಹೆಸರು ಬಂದ ಬಗೆಯೂ ಕುತೂಹಲಕರವಾದುದು. ಜರ್ಮನಿಯ ಗಣಿಗಾರರಿಗೆ ತಾಮ್ರದಂತೆ ಕೆಂಪಾಗಿ ಕಾಣುವ ಒಂದು ಅದಿರು ಸಿಗುತ್ತಿತ್ತು. ಎಷ್ಟು ಕಾಸಿದರೂ ತಾಮ್ರ ಬರುತ್ತಿರಲಿಲ್ಲ. ಗಣಿಯ ದೆವ್ವವೊಂದು ಮೋಸಮಾಡುತ್ತಿದೆಯೆಂದು ಬಗೆದು ಅವರು ಅದನ್ನು ದೆವ್ವದ ತಾಮ್ರವೆಂಬ ಅರ್ಥದಲ್ಲಿ ಕುಪ್ಫರ್‌ನಿಕಲ್ ಎಂದು ಕರೆದರು. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಡ್ ಹೊಸ ಲೋಹವನ್ನು ಬೇರ್ಪಡಿಸಿ, ತಾಮ್ರವನ್ನು ಬಿಟ್ಟು ದೆವ್ವವನ್ನಷ್ಟೇ ಹೆಸರಿನಲ್ಲಿ ಉಳಿಸಿದರು. ವೇಷ ಮರೆಸುವ ಗುಣ ಈ ಲೋಹಕ್ಕೆ ಇಂದಿಗೂ ಇದೆ. ಜರ್ಮನ್ ಸಿಲ್ವರ್ ಎಂದು ಮಾರುವ ಪಾತ್ರೆ ಆಭರಣಗಳಲ್ಲಿ ಬೆಳ್ಳಿಯ ಲೇಶವೂ ಇಲ್ಲ. ಅದು ತಾಮ್ರ, ಸತು, ನಿಕಲ್‌ಗಳ ಮಿಶ್ರಣ. ಹೊಳಪಿನ ಲೇಪವಿರುವ ನಕಲಿ ಒಡವೆ, ಪಿನ್ನು, ಬೀಗದಕೈ, ಪಟ್ಟದ ಬಕ್ಕಲು, ಗಡಿಯಾರದ ಬೆನ್ನು, ಕೆಲವು ಬಗೆಯ ಬಿಳಿ ಬಂಗಾರ ಇವೆಲ್ಲವುಗಳಲ್ಲಿ ಅದು ಅಡಗಿರಬಹುದು.

ಬೆವರಿನಲ್ಲಿ ಕರಗಿದ ನಿಕಲ್ ಚರ್ಮದೊಳಕ್ಕಿಳಿದು ಅಲ್ಲಿಯ ಪ್ರೋಟೀನುಗಳೊಡನೆ ಕೂಡಿಕೊಳ್ಳುತ್ತದೆ. ರಕ್ತದಲ್ಲಿರುವ ಟಿ ಜೀವಕೋಶಗಳೆಂಬ ಕಾವಲುಗಾರರು ಒಮ್ಮೆ ಅದನ್ನು ಶತ್ರುವೆಂದು ಗುರುತಿಸಿದರೆ ಆ ನೆನಪು ಸಾಮಾನ್ಯವಾಗಿ ಬದುಕಿರುವತನಕ ಅಳಿಯದು. ಮತ್ತೆ ಸ್ಪರ್ಶವಾದಾಗ ತುರಿಕೆ ಅಂದೇ ಏಳುವುದಿಲ್ಲ. ಒಂದೆರಡು ದಿನ ಕಳೆದು ಏಳುತ್ತದೆ. ಸೋಮವಾರದ ಸ್ಪರ್ಶಕ್ಕೆ ಬುಧವಾರದ ಸಾಬೂನು ಅಪರಾಧಿಯಾಗುವುದು ಹೀಗೆ. ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಕಿವಿ ಮೂಗು ಚುಚ್ಚಿದ ಹಸಿಗಾಯಕ್ಕೆ ಅಗ್ಗದ ಲೋಹ ತಾಗುವುದು ಮುಖ್ಯ ಕಾರಣ. ವೈದ್ಯರು ಕೇಳಿದಾಗ, ಹುಡುಗಿಯಾಗಿದ್ದಾಗ ಜಾತ್ರೆಯಲ್ಲಿ ಕೊಂಡ ಬೆಂಡೋಲೆ ಹಾಕಿಕೊಂಡು ಕಿವಿ ಸೋರಿದ ಸಂಗತಿ ಆಕೆಗೆ ನೆನಪಾಯಿತು.

ವೃತ್ತಿಯ ಸಾಮಗ್ರಿಗಳ ಸರದಿ ಮುಂದಿನದು. ಡೈಮಿಥೈಲ್‌ಗ್ಲೈಆಕ್ಸೈಮ್ ಎಂಬ ರಾಸಾಯನಿಕವನ್ನು ಅಮೋನಿಯದೊಡನೆ ಹತ್ತಿಗೆ ಹಚ್ಚಿ ಲೋಹವನ್ನು ಉಜ್ಜಿದರೆ, ನಿಕಲ್ ಬಿಡುವ ವಸ್ತುವಾದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಕೆ ಚೀಲದಲ್ಲಿ ಒಯ್ದಿದ್ದ ವಸ್ತುಗಳಲ್ಲಿ ಬೆರಳಿಗೆ ತೊಡುವ ಅಂಗುಸ್ತಾನ, ಗುಂಡುಸೂಜಿ, ಕತ್ತರಿಯ ಹಿಡಿ, ಟಿಚ್ ಗುಂಡಿ ಇಷ್ಟೂ ಗುಲಾಬಿಯಾದವು. ಕೈಗೆ ಬೇಕಾದಾಗ ಇರಲೆಂದು ಬಳೆಗೂ ತಾಳಿಯ ಸರಕ್ಕೂ ಸಿಕ್ಕಿಸಿಕೊಂಡಿದ್ದ ನಾಲ್ಕು ಪಿನ್ನುಗಳೂ ಹಾಗೆಯೇ ಆದವು. ಇಪ್ಪತ್ತು ವರ್ಷ ಅನ್ನ ಕೊಟ್ಟ ಸಾಮಗ್ರಿಗಳೇ ಕೈಯನ್ನು ತಿನ್ನುತ್ತಿದ್ದುವು. ಅಂಗುಸ್ತಾನ ಪ್ಲಾಸ್ಟಿಕ್ಕಿನದಾಯಿತು, ಕತ್ತರಿಯ ಹಿಡಿಗೆ ದಪ್ಪ ಬಟ್ಟೆ ಸುತ್ತಿದ್ದಾಯಿತು, ಪಿನ್ನುಗಳು ಮೈಯಿಂದ ಇಳಿದು ಡಬ್ಬಿ ಸೇರಿದವು. ಎರಡು ತಿಂಗಳಲ್ಲಿ ಕಿವಿ, ಕೊರಳು, ಮಣಿಕಟ್ಟು ತಿಳಿಯಾದವು. ಅಂಗೈಯ ಗುಳ್ಳೆಗಳು ಮಾತ್ರ ನಿಲ್ಲಲಿಲ್ಲ.

ಪಥ್ಯದ ಪ್ರಶ್ನೆ ಏಳುವುದು ಇಲ್ಲಿ, ಇದಕ್ಕೆ ಮೊದಲಲ್ಲ. ಈ ಕ್ರಮ ಗಮನಾರ್ಹವಾದುದು. ಚರ್ಮಕ್ಕೆ ತಾಗುವ ಲೋಹವನ್ನು ದೂರಮಾಡದೆ ಊಟವನ್ನಷ್ಟೇ ಬಿಗಿಮಾಡುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಆದರೆ ಸ್ಪರ್ಶ ತಪ್ಪಿದ ಮೇಲೆಯೂ ಗುಳ್ಳೆ ನಿಲ್ಲದಿರುವ ಕೆಲವರಲ್ಲಿ ಆಹಾರದ ಮೂಲಕ ದೇಹ ಸೇರುವ ನಿಕಲ್ ಕಾರಣವಾಗಿರಬಹುದು. 1975ರಲ್ಲಿ ಸ್ವೀಡನ್ನಿನ ಕ್ರಿಸ್ಟೆನ್‌ಸೆನ್ ಮತ್ತು ಮೊಲ್ಲರ್ ಎಂಬ ವೈದ್ಯರು, ನಿಕಲ್ ಒಗ್ಗದ ಕೈ ಇಸಬಿನ ರೋಗಿಗಳಿಗೆ ನಿತ್ಯದ ಊಟದಲ್ಲಿರುವುದಕ್ಕಿಂತ ಹೆಚ್ಚು ಪ್ರಮಾಣದ ನಿಕಲ್ಲನ್ನು ಬಾಯಿಯ ಮೂಲಕ ಕೊಟ್ಟು ನೋಡಿದಾಗ ಬಹುಮಂದಿಯ ಕೈ ಉಲ್ಬಣಗೊಂಡಿತು. ಹಾಗೆಂದು ನಿಕಲ್ ಒಗ್ಗದವರಿಗೆಲ್ಲ ಪಥ್ಯದಿಂದ ಗುಣವಾಗುವುದೆಂದು ತಿಳಿಯಬಾರದು. ಅದು ಕೆಲವರಿಗೆ ಮಾತ್ರ ಒದಗುತ್ತದೆ. ಯಾರಿಗೆಂಬುದನ್ನು ಮಾಡಿ ನೋಡಿಯೇ ತಿಳಿಯಬೇಕು. ನಮ್ಮ ಪ್ರಾಚೀನ ವೈದ್ಯರು ರೋಗವನ್ನು ತಿಳಿಯುವ ಐದು ಸಾಧನಗಳಲ್ಲಿ ಉಪಶಯವನ್ನೂ ಒಂದಾಗಿ ಎಣಿಸಿದ್ದರು. ಲಕ್ಷಣಗಳಿಂದ ಸ್ಪಷ್ಟವಾಗದ ವ್ಯಾಧಿಯನ್ನು ಔಷಧ, ಅನ್ನ, ವಿಹಾರಗಳ ಪ್ರಯೋಗದಿಂದ ಅರಿಯುವುದು ಉಪಶಯ. ಇಂದಿನ ವೈದ್ಯರು ಆರೆಂಟು ವಾರ ಆಹಾರ ಕಡಿತ ಮಾಡಿಸಿ ನೋಡುವುದೂ ತತ್ತ್ವತಃ ಅದೇ.

ನಿಕಲ್ ಮಣ್ಣಿನಲ್ಲಿದೆ, ಆದುದರಿಂದ ಬೆಳೆಯಲ್ಲಿಯೂ ಇದೆ. ಅದಿಲ್ಲದ ಊಟ ಭೂಮಿಯ ಮೇಲೆ ಸಿಗದು. ಸಾಮಾನ್ಯ ಆಹಾರದಲ್ಲಿ ದಿನಕ್ಕೆ ಸುಮಾರು 100ರಿಂದ 300 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಭಾಗಗಳಲ್ಲಿ ನೂರರಿಂದ ಮುನ್ನೂರು ಭಾಗದಷ್ಟು ಹೊಟ್ಟೆ ಸೇರುತ್ತದೆ. ಸಸ್ಯಗಳು ಅದನ್ನು ಬೀಜದಲ್ಲಿ, ತವುಡಿನಲ್ಲಿ, ಎಲೆಯಲ್ಲಿ ಹೆಚ್ಚಾಗಿ ಕೂಡಿಡುತ್ತವೆ. ಕಡಲೆ, ತೊಗರಿ, ಸೋಯಾ ಮೊದಲಾದ ದ್ವಿದಳ ಧಾನ್ಯಗಳು, ಶೇಂಗಾ, ಎಳ್ಳು, ಅಗಸಿ, ಗೋಡಂಬಿ, ಓಟ್ಸ್, ಪಾಲಕ್, ಚಹಾಪುಡಿ, ಎಲ್ಲಕ್ಕಿಂತ ಮಿಗಿಲಾಗಿ ಕೋಕೋ ಮತ್ತು ಚಾಕೊಲೇಟು, ಇವು ನಿಕಲ್ ಹೆಚ್ಚಿರುವ ಪದಾರ್ಥಗಳು. ಪಾಲಿಷ್ ಅಕ್ಕಿಯ ಅನ್ನ, ಹಾಲು, ಮೊಸರು, ಮಜ್ಜಿಗೆ, ತುಪ್ಪ, ಸೌತೆಕಾಯಿ, ಎಲೆಕೋಸು, ಹೂಕೋಸು, ಬಹುತೇಕ ಹಣ್ಣುಗಳು ಕಡಿಮೆ ಇರುವಂತಹವು. ಅತ್ತೆ ಬಿಡಿಸಿದ ಬದನೆಕಾಯಿಯೂ ಕಡಿಮೆಯ ಪಟ್ಟಿಯಲ್ಲಿಯೇ ಇದೆ. ಎಣ್ಣೆಗಾಯಿಯ ಬದನೆ ನಿರಪರಾಧಿ. ಅದರ ಹೊಟ್ಟೆಯಲ್ಲಿ ತುಂಬಿದ ಶೇಂಗಾ ಎಳ್ಳಿನ ಪುಡಿ ಅಪರಾಧಿ. ನಂಜಿನ ಪದಾರ್ಥವೆಂಬ ಹಿರಿಯರ ಎಣಿಕೆ ಪೂರ್ತಿ ಸುಳ್ಳಲ್ಲ. ಅದರಲ್ಲಿ ಶೇಂಗಾವೂ ಸೇರಿತ್ತು. ಅನುಭವ ಗುರಿಯ ಸಮೀಪಕ್ಕೆ ಹೋಗಿತ್ತು. ಪಕ್ಕದಲ್ಲಿದ್ದುದಕ್ಕೆ ಏಟು ಬಿದ್ದಿತ್ತು.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಉತ್ತರ ಕರ್ನಾಟಕದ ಊಟದ ತಾಟಿನ ಮುಂದೆ ಕುಳಿತವರಿಗೆ ಆಕೆಯ ಕಷ್ಟ ತಿಳಿದೀತು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಡಲೆಹಿಟ್ಟಿನ ಝುಣಕ, ಮಡಕಿಕಾಳಿನ ಪಲ್ಯ, ತೊಗರಿಬೇಳೆಯ ಸಾರು, ಹಬ್ಬಕ್ಕೆ ಕಡಲೆಬೇಳೆಯ ಹೋಳಿಗೆ. ಮಾಂಸ ಮೊಟ್ಟೆಗಳಿಲ್ಲದ ಮನೆಯಲ್ಲಿ ದೇಹಕ್ಕೆ ಬಲ ಕೊಡುವ ಪದಾರ್ಥಗಳೆಲ್ಲ ಒಂದೇ ಏಟಿಗೆ ನಿಷಿದ್ಧವಾದಂತೆ ಕಂಡಿತು. ಆಕೆ ಉತ್ಸಾಹದಿಂದ ಎಲ್ಲವನ್ನೂ ಬಿಟ್ಟರು. ರೊಟ್ಟಿಯನ್ನೂ ಬಿಟ್ಟು ಬರಿಯ ಮಜ್ಜಿಗೆಯನ್ನಕ್ಕೆ ಇಳಿದರು. ಮೂರು ವಾರದಲ್ಲಿ ತೂಕ ಇಳಿಯಿತು, ಹೊಲಿಗೆಯ ಯಂತ್ರದ ಮುಂದೆ ತಲೆ ತಿರುಗಿತು, ಕೈ ಹಾಗೆಯೇ ಇತ್ತು.

ವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಕೊರತೆ ಕಂಡಿತು. ಕರುಳಿನಲ್ಲಿ ಕಬ್ಬಿಣವೂ ನಿಕಲ್ಲೂ ಒಳಕ್ಕೆ ಹೋಗುವುದು ಬಹುಮಟ್ಟಿಗೆ ಒಂದೇ ಬಾಗಿಲಿನಿಂದ. ಕಬ್ಬಿಣಕ್ಕಾಗಿ ಹಸಿದ ದೇಹ ಆ ಬಾಗಿಲನ್ನು ಅಗಲವಾಗಿ ತೆರೆದಿಡುತ್ತದೆ. ಕಬ್ಬಿಣ ಸಾಲದಿದ್ದಲ್ಲಿ ನಿಕಲ್ ನುಗ್ಗುತ್ತದೆ. ಅಂದರೆ ಕುರುಡು ಪಥ್ಯ ರೋಗಕ್ಕೇ ಸಹಾಯಮಾಡುತ್ತಿತ್ತು. ಕಬ್ಬಿಣದ ಮಾತ್ರೆಗಳನ್ನು ಬರೆದುಕೊಟ್ಟು, ಊಟದೊಡನೆ ನಿಂಬೆ, ನೆಲ್ಲಿ, ಪೇರಲಗಳನ್ನು ಬಳಸಲು ಹೇಳಿದರು. ಅವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಒಳಕ್ಕೆ ಬಿಟ್ಟು ನಿಕಲ್ಲನ್ನು ತಡೆಯುವುದಕ್ಕೆ ನೆರವಾಗುತ್ತದೆ. ಬೇಳೆಯ ಬಲವನ್ನು ಹಾಲು ಮೊಸರುಗಳಿಂದ ತುಂಬಿಕೊಳ್ಳಬೇಕೆಂದರು. ರೊಟ್ಟಿ ಪೂರ್ತಿ ಬಿಡಬೇಕಿಲ್ಲ, ಒಂದು ಹೊತ್ತಿಗೆ ಇರಲಿ ಎಂದರು.

ಎರಡನೆಯ ಸಲ ಪಥ್ಯ ದಾರಿಯರಿತು ನಡೆಯಿತು. ಬರಿಹೊಟ್ಟೆಯ ಚಹಾ ನಿಂತಿತು. ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇರಿದ ನಿಕಲ್‌ನ ಸುಮಾರು ಕಾಲು ಭಾಗ ರಕ್ತಕ್ಕೆ ಹೋದರೆ, ಆಹಾರದೊಡನೆ ಸೇರಿದಾಗ ನೂರಕ್ಕೆ ಒಂದು ಭಾಗವೂ ಹೋಗುವುದಿಲ್ಲವೆಂದು 1989ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿದೆ. ಬೆಳಿಗ್ಗೆ ನಲ್ಲಿಯಲ್ಲಿ ರಾತ್ರಿಯೆಲ್ಲ ನಿಂತ ಮೊದಲ ನೀರನ್ನು ಕುಡಿಯಲು ಹಿಡಿಯದೆ ಪಾತ್ರೆ ತೊಳೆಯುವುದಕ್ಕೆ ಬಿಟ್ಟರು. ಪಾತ್ರೆಗಳ ವಿಷಯದಲ್ಲಿಯೂ ವಿವೇಕ ಬೇಕಾಯಿತು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ 18/8 ಎಂದಿದ್ದರೆ ನೂರಕ್ಕೆ ಹದಿನೆಂಟು ಭಾಗ ಕ್ರೋಮಿಯಂ, ಎಂಟು ಭಾಗ ನಿಕಲ್ ಎಂದರ್ಥ. ಅದರಲ್ಲಿ ಉಣ್ಣುವುದರಿಂದ ಬಾಧಕವಿಲ್ಲ; ಆದರೆ ಹೊಸ ಪಾತ್ರೆಯಲ್ಲಿ ಹುಣಸೆ, ಟೊಮೆಟೊಗಳ ಹುಳಿಯನ್ನು ಬಹಳ ಹೊತ್ತು ಕುದಿಸಿದರೆ ನಿಕಲ್ ಸಾರಿಗೆ ಇಳಿಯುತ್ತದೆ; ಪಾತ್ರೆ ಪಳಗಿದಂತೆ ಇದು ತಗ್ಗುತ್ತದೆ. ಆಕೆಯ ಅತ್ತೆ ಅಟ್ಟದ ಮೇಲಿನ ಮಣ್ಣಿನ ಗಡಿಗೆಯನ್ನು ಇಳಿಸಿ ತೊಳೆದು ಸಾರಿಗೆ ಅದೇ ಇರಲೆಂದರು. ಬದನೆಕಾಯಿಯ ವಿಷಯದಲ್ಲಿ ಸೋತ ಹಿರಿಯಾಕೆ ಗಡಿಗೆಯ ವಿಷಯದಲ್ಲಿ ಗೆದ್ದರು.

ಎರಡು ವಾರ ಏನೂ ಕಾಣಲಿಲ್ಲ. ನಾಲ್ಕನೆಯ ವಾರ ರಾತ್ರಿಯ ತುರಿಕೆ ತಗ್ಗಿತು. ಎಂಟನೆಯ ವಾರದ ಹೊತ್ತಿಗೆ ಹೊಸ ಗುಳ್ಳೆ ಏಳುವುದು ಅಪರೂಪವಾಯಿತು. ಅಲ್ಲಿಗೆ ಪಥ್ಯ ಮುಗಿಯಲಿಲ್ಲ. ಅದರ ಹೆಚ್ಚು ಮುಖ್ಯವಾದ ಭಾಗ ಮೊದಲಾಯಿತು. ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ, ನಡುವೆ ಕೆಲವು ದಿನ ಅಂತರವಿಟ್ಟು, ಮರಳಿ ತಂದು ನೋಡಬೇಕು. ರೂಢಿಯಾದ ಅಹಿತವನ್ನು ಒಮ್ಮೆಗೇ ಬಿಡದೆ ಕಾಲು ಕಾಲು ಭಾಗವಾಗಿ ಬಿಡಬೇಕೆಂದೂ ಹಿತವನ್ನು ಅದೇ ಕ್ರಮದಲ್ಲಿ ತರಬೇಕೆಂದೂ ಚರಕನ ಸೂತ್ರಸ್ಥಾನ ಹೇಳುತ್ತದೆ. ಹಳೆಯ ಆ ಕ್ರಮದ ಬೆಲೆ ಆಕೆಗೆ ಇಲ್ಲಿ ತಿಳಿಯಿತು. ರೊಟ್ಟಿ ಎರಡು ಹೊತ್ತಿಗೂ ಮರಳಿತು. ತೆಳ್ಳನೆಯ ತೊಗರಿಬೇಳೆಯ ಸಾರು ದಿನ ಬಿಟ್ಟು ದಿನ ಸರಿಹೋಯಿತು. ಶೇಂಗಾ ಚಟ್ನಿಯನ್ನೂ ಝುಣಕವನ್ನೂ ಎರಡೆರಡು ಸಲ ಪರೀಕ್ಷಿಸಿದಾಗ ಎರಡೆರಡು ಸಲವೂ ಮೂರನೆಯ ದಿನ ಗುಳ್ಳೆಯೆದ್ದವು. ಅವೆರಡು, ಜೊತೆಗೆ ಗೋಡಂಬಿ ಚಾಕೊಲೇಟುಗಳು, ಆಕೆಯ ತಾಟಿನಿಂದ ದೂರವಾದವು. ಬಿಡಬೇಕಾದುದು ಇಪ್ಪತ್ತಲ್ಲ, ನಾಲ್ಕು ಎಂಬುದು ತಿಳಿದಾಗ ಪಥ್ಯ ಹೊರೆಯಾಗಿ ಉಳಿಯಲಿಲ್ಲ. ಇನ್ನೊಬ್ಬರಿಗೆ ಈ ನಾಲ್ಕು ಬೇರೆಯಾಗಬಹುದು.

2019ರ ಸಂಕ್ರಾಂತಿಯಂದು ವಿದ್ಯಾರ್ಥಿನಿಯರು ಎಂದಿನಂತೆ ಕುಸುರೆಳ್ಳು ಹಿಡಿದು ಬಂದರು. ಆಕೆ ಪ್ರತಿಯೊಬ್ಬಳ ಕೈಯಿಂದಲೂ ಒಂದೊಂದೇ ಕಾಳು ತೆಗೆದುಕೊಂಡು ಬಾಯಿಗಿಟ್ಟು, ಅವರ ಅಂಗೈಯ ಮೇಲೆ ತಮ್ಮ ಕುಸುರೆಳ್ಳು ಇಟ್ಟರು. ಲೋಹದ ಲೆಕ್ಕದಲ್ಲಿ ಆ ಕಾಳುಗಳಿಗೆ ತೂಕವಿಲ್ಲ. ಕೊಟ್ಟು ತೆಗೆದುಕೊಂಡ ಲೆಕ್ಕದಲ್ಲಿ ಮುಷ್ಟಿಗೂ ಕಾಳಿಗೂ ಭೇದವಿಲ್ಲ. ಪೆಟ್ಟಿಗೆಯಲ್ಲಿದ್ದ ಅರ್ಜಿಯ ಹಿಂಬದಿಯಲ್ಲಿ ಆ ವರ್ಷದ ಹೊಲಿಗೆಯ ತರಗತಿಗೆ ಬೇಕಾದ ಸಾಮಾನಿನ ಪಟ್ಟಿ ಬರೆಯಲ್ಪಟ್ಟಿತು. ಅದರಲ್ಲಿ ಮೊದಲನೆಯದು ಪ್ಲಾಸ್ಟಿಕ್ ಅಂಗುಸ್ತಾನ, ಮೂವತ್ತು. ಇಂದಿಗೂ ಸುಗ್ಗಿಯ ಬೆವರಿನ ದಿನಗಳಲ್ಲಿ, ಮದುವೆಯ ಮನೆಗಳ ಊಟ ಹೆಚ್ಚಾದಾಗ, ಒಂದೆರಡು ಗುಳ್ಳೆ ಕಾಣಿಸಿಕೊಳ್ಳುವುದುಂಟು. ನಿಕಲ್‌ನ ಒಗ್ಗದಿರುವಿಕೆ ಗುಣವಾಗಿಲ್ಲ, ಅದು ಅಂಕೆಯಲ್ಲಿದೆ, ಅಷ್ಟೆ.

ಯುರೋಪಿನಲ್ಲಿ ಈ ವಿಷಯ ಕಾನೂನಿನವರೆಗೆ ಹೋಗಿದೆ. ಚರ್ಮಕ್ಕೆ ತಾಗುವ ಒಡವೆ ಗುಂಡಿಗಳಿಂದ ಬಿಡುಗಡೆಯಾಗುವ ನಿಕಲ್‌ಗೆ ಡೆನ್ಮಾರ್ಕ್ ಮೊದಲು ಮಿತಿ ವಿಧಿಸಿತು. 1994ರಲ್ಲಿ ಯುರೋಪಿನ ಒಕ್ಕೂಟ ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂ ಎಂಬ ಮಿತಿಯನ್ನು ಅಂಗೀಕರಿಸಿತು. ಅದರಿಂದ ಅಲ್ಲಿಯ ಎಳೆಯ ಹೆಣ್ಣುಮಕ್ಕಳಲ್ಲಿ ಈ ತೊಂದರೆ ಇಳಿಮುಖವಾಯಿತು. ಜಾತ್ರೆಯ ಬೆಂಡೋಲೆಗೆ ಕಾನೂನು ಕಾವಲಿಲ್ಲದಲ್ಲಿ ಹಿರಿಯರೇ ಕಾವಲಾಗಬೇಕು. ಕಿವಿ ಚುಚ್ಚಿದ ಗಾಯ ಮಾಯುವತನಕ ಅಗ್ಗದ ಲೋಹವನ್ನು ಹಾಕದಿರುವುದು ಯಾವ ಪಥ್ಯಕ್ಕಿಂತಲೂ ಸುಲಭವಾದ ಉಪಾಯ.

ಶಾಲೆಗಳಿಗೂ ಇಲ್ಲಿ ಮಾಡತಕ್ಕ ಕೆಲಸವಿದೆ. ಹೊಕ್ಕುಳ ಬಳಿ ಕೆಂಪು ಕಲೆಯೆದ್ದ ಹುಡುಗನ ಪಟ್ಟದ ಬಕ್ಕಲನ್ನೊಮ್ಮೆ, ಕಿವಿ ಸೋರುವ ಹುಡುಗಿಯ ಓಲೆಯನ್ನೊಮ್ಮೆ ನೋಡುವಷ್ಟು ವ್ಯವಧಾನ ಶಿಕ್ಷಕರಿಗಿರಬೇಕು. ಕೈಯಲ್ಲಿ ಗುಳ್ಳೆ ಕಂಡ ಮಗುವನ್ನು ಬೇರೆ ಬೆಂಚಿಗೆ ಕಳಿಸುವ ಮುನ್ನ ವೈದ್ಯರಲ್ಲಿಗೆ ಕಳಿಸಬೇಕು. ಅಂಟುವ ಕಜ್ಜಿಯೂ ಲೋಕದಲ್ಲಿದೆ. ಅಂಟದ ಇಸಬೂ ಇದೆ. ಕಣ್ಣಂದಾಜಿನಿಂದ ತೀರ್ಪು ಕೊಡುವುದು ಮಗುವಿಗೆ ಅನ್ಯಾಯ. ವಸತಿನಿಲಯಗಳ ಅಡುಗೆಮನೆಯಲ್ಲಿ ವೈದ್ಯರ ಚೀಟಿಯಿದ್ದ ಒಂದು ಮಗುವಿಗೆ ಶೇಂಗಾ ಚಟ್ನಿಯ ಬದಲು ಮೊಸರು ಬಡಿಸಿದರೆ ಅದರಿಂದ ಖರ್ಚೂ ಹೆಚ್ಚದು, ಪಂಕ್ತಿಯೂ ಒಡೆಯದು. ದಾನಿಗಳು ಶಾಲೆಗೆ ಕೊಡುವ ವಸ್ತುಗಳ ಪಟ್ಟಿಯಲ್ಲಿ ವರ್ಷಕ್ಕೊಮ್ಮೆ ಚರ್ಮರೋಗ ತಜ್ಞರ ತಪಾಸಣೆಗೂ ಒಂದು ಸ್ಥಾನವಿರುವುದು ಉಚಿತ. ಆ ಹೊಲಿಗೆಯ ಶಿಕ್ಷಕಿಗೆ ವೈದ್ಯರ ಬಾಯಿಂದ ಮೊದಲು ದೊರೆತ ಮಾತು ಒಂದು ವರ್ಷ ಮುಂಚೆಯೇ ಶಾಲೆಯ ಅಂಗಳದಲ್ಲಿ ದೊರೆತಿದ್ದರೆ, ಆ ಜಾತ್ರೆಯಲ್ಲಿ ಆಕೆ ಬುಟ್ಟಿಗಳನ್ನು ಎಣಿಸುತ್ತ ಕುಳಿತುಕೊಳ್ಳಬೇಕಾಗುತ್ತಿರಲಿಲ್ಲ.